ಹಳೇ ಕೋರ್ಟಿಗೆ ಸಿಮೆಂಟಿನ ರೇನ್‌ಕೋಟ್ ಬೇಡ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳೇ ಕೋರ್ಟು ಕಟ್ಟಡಗಳೆಲ್ಲ ಸೋರುತ್ತವೆ, ಸುಮ್ನೆ ಕೆಡವಿ ಪಾರ್ಕಿಂಗ್ ಮಾಡಿ, ವಕೀಲರಿಗೂ ಪಕ್ಷಗಾರರಿಗೂ ಅನುಕೂಲ ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟವರಲ್ಲಿ ನಾನೂ ಒಬ್ಬ. ಬೆಂಚ್ ಕ್ಲರ್ಕ್ ಆಗಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಆದರೆ ಒಂದು ಮಾತು ಹೇಳಲೇಬೇಕು. ಈ ಕಟ್ಟಡಗಳು ಸೋರುತ್ತಿರುವುದು ಮುದಿಯಾಗಿದ್ದಕ್ಕಲ್ಲ, ನಾವು ಅವುಗಳನ್ನು ನೋಡಿಕೊಳ್ಳದೆ ಬಿಟ್ಟು, ಆಮೇಲೆ ತಪ್ಪಾಗಿ ರಿಪೇರಿ ಮಾಡಿದ್ದಕ್ಕೆ.

ನಾನು ಜಾಸ್ತಿ ವರ್ಷ ಕೆಲಸ ಮಾಡಿದ್ದು ಕರಾವಳಿಯ ಒಂದು ತಾಲ್ಲೂಕಿನ ಕೋರ್ಟಿನಲ್ಲಿ. ಊರಿನ ಹೆಸರು ಬೇಡ, ಸುಮ್ನೆ ಯಾರಿಗೋ ನೋವಾಗುತ್ತದೆ. ಚಿರೇಕಲ್ಲಿನ (ಕೆಂಪು ಮುರಕಲ್ಲಿನ) ದಪ್ಪ ಗೋಡೆ, ಸುಣ್ಣದ ಗಾರೆ, ಸಾಗವಾನಿ ತೊಲೆ, ಮಂಗಳೂರು ಹಂಚು, ಮುಂದೆ ಉದ್ದಕ್ಕೆ ಜಗಲಿ. ಮುದ್ದತ್ತಿಗೆ ಬಂದವರು ಆ ಜಗಲಿಯ ಮೇಲೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು, ಅಲ್ಲೇ ರಾಜಿಯೂ ಆಗುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಹೊರಗೆ ಬೆಂಕಿಯಂಥ ಸೆಕೆ ಇದ್ದರೂ ಒಳಗೆ ಫ್ಯಾನ್ ಇಲ್ಲದೆ ಕೂರಬಹುದಿತ್ತು. ನಾನು ಸೇರಿದ ಹೊಸತರಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಇಬ್ಬರು ಬಂದು ಹಂಚು ಕೈಯಾಡಿಸಿ ಹೋಗುತ್ತಿದ್ದರು. ಒಡೆದದ್ದು ತೆಗೆದು ಬೇರೆ ಹಾಕುವುದು, ಎಲೆ ಕಸ ಗುಡಿಸುವುದು, ಒರಲೆ ಹತ್ತಿದ ರೀಪು ಬದಲಿಸುವುದು, ಅಷ್ಟೇ. ಎರಡು ಮೂರು ದಿನದ ಕೆಲಸ. ಆಮೇಲೆ ಒಂದು ವರ್ಷ ಅದಕ್ಕೆ ಬಜೆಟ್ ಇಲ್ಲ ಅಂದರು. ಮರುವರ್ಷವೂ ಇಲ್ಲ. ಮೂರನೇ ವರ್ಷ ನೀರು ಇಳಿಯಿತು. ಸಣ್ಣ ಕೆಲಸಕ್ಕೆ ದುಡ್ಡು ಇಲ್ಲ ಅಂದವರಿಗೆ ದೊಡ್ಡ ಕೆಲಸಕ್ಕೆ ಮಾತ್ರ ಎಲ್ಲಿಂದಲೋ ದುಡ್ಡು ಬಂತು!

ಗುತ್ತಿಗೆದಾರರು ಬಂದರು. ಗೋಡೆಯ ಸುಣ್ಣದ ಗಾರೆ ಪೂರ್ತಿ ಕೆತ್ತಿ ತೆಗೆದರು. ಸಿಮೆಂಟ್ ಹಚ್ಚಿದರು, ಅದರ ಮೇಲೆ ಹೊಳೆಯುವ ಆಯಿಲ್ ಪೇಂಟ್. ಉದ್ಘಾಟನೆ ದಿನ ನೋಡಲು ಚಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಮೂರು ಮಳೆಗಾಲ ಕಳೆದ ಮೇಲೆ ಗೋಡೆ ಬೆವರಲು ಶುರುವಾಯಿತು. ಪೇಂಟು ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಒಳಗೆ ಚಿರೇಕಲ್ಲು ಪುಡಿಪುಡಿ, ಕೈ ಹಾಕಿದರೆ ಅವಲಕ್ಕಿಯ ಹಾಗೆ ಉದುರುತ್ತಿತ್ತು. ಊರಿನ ಹಳೇ ಗಾರೆ ಮೇಸ್ತ್ರಿಯೊಬ್ಬರು ಯಾವುದೋ ಸಾಕ್ಷಿ ಹೇಳಲು ಬಂದವರು ಗೋಡೆ ನೋಡಿ ನಕ್ಕರು. "ಕ್ಲರ್ಕ್ ಸಾಹೇಬ್ರೇ, ಗೋಡೆಗೆ ರೇನ್‌ಕೋಟ್ ಹಾಕಿದ್ರಲ್ಲ, ಒಳಗೇ ಬೆವರ್ತಾ ಇದೆ ನೋಡಿ" ಅಂದರು.

ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರೂ ನನಗೆ ವಿವರಿಸಿಲ್ಲ. ಚಿರೇಕಲ್ಲು ನೀರು ಕುಡಿಯುವ ಕಲ್ಲು. ಕಾರವಾರದ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅಷ್ಟು ಮಳೆಯಲ್ಲಿ ಯಾವ ಗೋಡೆಯೂ ಒಣಗಿ ನಿಲ್ಲುವುದಿಲ್ಲ. ಕುಡಿದ ನೀರನ್ನು ಆಮೇಲೆ ಹೊರಗೆ ಬಿಡಬೇಕು, ಅಷ್ಟೇ. ಸುಣ್ಣದ ಗಾರೆ ಅದನ್ನು ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ನೀರಿನ ಜೊತೆ ಸಮುದ್ರದ ಗಾಳಿಯ ಉಪ್ಪೂ ಗೋಡೆಯೊಳಗೆ ಹೋಗಿರುತ್ತದೆ. ಬೇಸಿಗೆಯಲ್ಲಿ ಆ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಕಲ್ಲಿನ ಮುಖವನ್ನೇ ಒಡೆದು ಹಾಕುತ್ತದೆ. ಹಳಬರು ಇದನ್ನು ಓದಿ ಕಲಿತವರಲ್ಲ. ಹೊಳೆಯ ಬಳಚಿನ ಚಿಪ್ಪು ಸುಟ್ಟು ಸುಣ್ಣ ಮಾಡಿದರು, ಮರಳು ಸೇರಿಸಿ ಗಾಣದಲ್ಲಿ ಅರೆದರು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಹದ ಮಾಡಿದರು. ಮಾಡಿದ ಗೋಡೆ ನೂರು ವರ್ಷ ನಿಂತಿತು. ನಮ್ಮ ಸಿಮೆಂಟ್ ಮೂರು ಮಳೆಗಾಲ.

ಗೋಡೆಯದ್ದು ಹೀಗಾಯಿತಾ, ಆಮೇಲೆ ಮಾಡಿನ ಸರದಿ. ಹಂಚು ಸೋರುತ್ತದೆ ಅಂತ ತೆಗೆದು ತಗಡಿನ ಶೀಟ್ ಹೊದೆಸಿದರು. ಮೃಗಶಿರ ಮಳೆ ಹಿಡಿದ ದಿನ ಒಬ್ಬರ ಸಾಕ್ಷಿ ನಡೆಯುತ್ತಿತ್ತು. ಮಳೆ ಶೀಟಿನ ಮೇಲೆ ಹೇಗೆ ಬಡಿಯಿತು ಅಂದರೆ, ಸಾಕ್ಷಿಯ ಬಾಯಿ ಆಡುತ್ತಿದ್ದುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಾನು ಟೈಪ್ ಮಾಡುವವನು ಏನಂತ ಟೈಪ್ ಮಾಡಲಿ? ವಕೀಲರು ಕೂಗಿದರು, ಸಾಕ್ಷಿಯೂ ಕೂಗಿದರು, ಕೊನೆಗೆ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಮಳೆ ನಿಲ್ಲಲಿ ಅಂದರು. ಆ ಮಳೆಗಾಲದಲ್ಲಿ ಮಳೆ ಜೋರಾದಾಗಲೆಲ್ಲ ಹೀಗೇ ಆಯಿತು. ಬೇಸಿಗೆಯಲ್ಲಿ ಅದೇ ಕೋರ್ಟ್ ಹಾಲ್ ಕಾದ ಕಾವಲಿ.

ಈಗ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಕಟ್ಟಡಗಳು ಇಲ್ಲಿಗೆ ಯಾಕೆ ಬಂದವು ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ, ಅಂದರೆ ಈಗಿನ ಉತ್ತರ ಕನ್ನಡ, ದಕ್ಷಿಣ ಕನ್ನಡದ ಸೀಮೆ, ಪೂರ್ತಿ ಮದರಾಸಿನ ಕೆಳಗೆ ಹೋಯಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1862ರಲ್ಲಿ ಉತ್ತರದ ಭಾಗವನ್ನು ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅದರ ಹಿಂದೆ ಇದ್ದದ್ದು ಹತ್ತಿ. ಧಾರವಾಡ ಕಡೆಯ ಹತ್ತಿ ಸಾಗಿಸಲು ಇಲ್ಲಿ ಒಳ್ಳೆಯ ಬಂದರು ಬೇಕು ಅಂತ ಮ್ಯಾಂಚೆಸ್ಟರಿನ ಮಿಲ್ಲಿನವರು ಒತ್ತಡ ಹಾಕುತ್ತಿದ್ದರು. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಅಲ್ಲಿನ ಹತ್ತಿ ಬರುವುದು ನಿಂತಿತು, ಆಗ ಇನ್ನೂ ಅವಸರ. ಅಲ್ಲಿಯವರೆಗೆ ಬರೀ ಮೀನುಗಾರರ ಊರಾಗಿದ್ದ ಕಾರವಾರ ಜಿಲ್ಲಾ ಕೇಂದ್ರವಾಯಿತು, ಕಲೆಕ್ಟರ್ ಬಂದರು, ಜಡ್ಜ್ ಬಂದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು. ಘಟ್ಟ ಇಳಿದು ಬರಬೇಕಿದ್ದ ರೈಲು ನಮ್ಮನ್ನು ಬಿಟ್ಟು ಗೋವೆಯ ಮುರ್ಗಾಂವ್‌ಗೆ ಹೋಯಿತು. ಹುಬ್ಬಳ್ಳಿಯ ರೈಲಿಗೆ ನಾವು ಇವತ್ತಿಗೂ ಕಾಯುತ್ತಿದ್ದೇವೆ, ಅದು ಬೇರೆ ವಿಷಯ, ಅದಕ್ಕೆ ಇನ್ನೊಂದು ಪತ್ರ ಬರೆಯಬೇಕು. ಅಂತೂ ಹತ್ತಿ ಹೋಯಿತು, ಕೋರ್ಟು ಉಳಿಯಿತು.

ಆ ಕೋರ್ಟಿಗೆ ಜಿಲ್ಲಾ ಜಡ್ಜ್ ಆಗಿ ಬಂದವರಲ್ಲಿ ಸತ್ಯೇಂದ್ರನಾಥ ಟಾಗೋರ್ ಒಬ್ಬರು, ಐಸಿಎಸ್ (ಬ್ರಿಟಿಷರ ಕಾಲದ ಇಂಡಿಯನ್ ಸಿವಿಲ್ ಸರ್ವಿಸ್) ಪಾಸಾದ ಮೊದಲ ಭಾರತೀಯ. ಅವರ ತಮ್ಮ ರವೀಂದ್ರನಾಥರು 1880ರ ದಶಕದ ಶುರುವಿನಲ್ಲಿ ಇಲ್ಲಿಗೆ ಬಂದು ಅಣ್ಣನ ಮನೆಯಲ್ಲಿ ಉಳಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಕಾಳಿ ಹೊಳೆಯಲ್ಲಿ ದೋಣಿಯಲ್ಲಿ ಹೋದದ್ದು, ಗಾಳಿಮರದ ಸಾಲು ಇರುವ ಕಡಲ ದಂಡೆ, ಎಲ್ಲ ಅವರೇ ಬರೆದಿಟ್ಟಿದ್ದಾರೆ. ಒಂದು ನಾಟಕವನ್ನೂ ಇಲ್ಲೇ ಬರೆದರು. ನಾವು ಬೀಚಿಗೆ ಅವರ ಹೆಸರು ಇಟ್ಟೆವು, ಒಳ್ಳೆಯದೇ ಆಯಿತು. ಆದರೆ ಅವರನ್ನು ಇಲ್ಲಿಗೆ ಕರೆತಂದದ್ದು ಬೀಚ್ ಅಲ್ಲ, ಅಣ್ಣನ ಕೋರ್ಟಿನ ಪೋಸ್ಟಿಂಗ್. ಯುದ್ಧನೌಕೆ ಚಾಪೆಲ್ ಅನ್ನು ಸಮುದ್ರದಿಂದ ಎಳೆದು ತಂದು ದಂಡೆಯ ಮೇಲೆ ಮ್ಯೂಸಿಯಂ ಮಾಡಿದ ಊರು ನಮ್ಮದು. ನೆಲದ ಮೇಲೇ ನಿಂತಿರುವುದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟವಾ?

ಬರೀ ದೊಡ್ಡವರು ಬಂದು ಹೋದ ಜಾಗ ಅಂತ ನಾನು ಹೇಳುತ್ತಿಲ್ಲ. ಹೊಸ ಸರ್ವೆ ಮಾಡಿ ಕಂದಾಯ ಏರಿಸಿದಾಗ ನಮ್ಮ ಜಿಲ್ಲೆಯ ಜಮೀನಿನವರು ಸರ್ಕಾರದ ಮೇಲೇ ದಾವೆ ಹಾಕಿದ್ದರು. 1875ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಸೋತರು, ಆದರೆ ಆ ಕೇಸು ಕಾನೂನು ಪುಸ್ತಕದಲ್ಲಿ ಉಳಿಯಿತು. 1879ರಲ್ಲಿ ಕಾಡಿನ ಹಕ್ಕಿನ ಕೇಸು, ಅದೂ ಇಲ್ಲಿಯದೇ. 1932ರ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ರೈತರ ಜಮೀನು ಜಪ್ತಿಯಾಯಿತು, ಮನೆಮಂದಿಯೇ ಜೈಲಿಗೆ ಹೋದರು. ಒಂದು ಕಾಲಕ್ಕೆ ಅಪೀಲು ಮದರಾಸಿಗೆ, ಆಮೇಲೆ 1956ರ ತನಕ ಮುಂಬಯಿಗೆ, ಆಮೇಲೆ ಬೆಂಗಳೂರಿಗೆ, 2008ರಿಂದ ಧಾರವಾಡಕ್ಕೆ. ಇಷ್ಟು ಊರು ತಿರುಗಿದ ಕಾಗದದ ಮೂಲ ಕಡತಗಳು ಎಂಥ ಮಾಡಿನ ಕೆಳಗೆ ಇರುತ್ತವೆ ಅನ್ನುವುದನ್ನು ರೆಕಾರ್ಡ್ ರೂಮಿನಲ್ಲಿ ತಾಡಪಾಲು ಹೊದೆಸಿದವರನ್ನು ಕೇಳಿ.

ಎರಡು ವರ್ಷದ ಹಿಂದೆ ಮಗಳ ಮನೆಗೆ ಅಮೆರಿಕದ ಡಲ್ಲಾಸ್‌ಗೆ ಹೋಗಿದ್ದೆ. ಅಪ್ಪನಿಗೆ ಕೋರ್ಟು ಬಿಟ್ಟರೆ ಬೇರೆ ಏನೂ ರುಚಿಸುವುದಿಲ್ಲ ಅಂತ ಅವಳಿಗೆ ಗೊತ್ತು. ಒಂದು ಭಾನುವಾರ ಸುಮಾರು 50 ಕಿಲೋಮೀಟರ್ ದೂರದ ವಾಕ್ಸಹಾಚಿ ಅನ್ನುವ ಊರಿಗೆ ಕರೆದುಕೊಂಡು ಹೋದಳು. ಎಲಿಸ್ ಕೌಂಟಿಯ ಕೋರ್ಟ್‌ಹೌಸ್ ಅಲ್ಲಿದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಗಿಂತ ಸಣ್ಣದು, ತಾಲ್ಲೂಕಿಗಿಂತ ದೊಡ್ಡದು ಅಂದುಕೊಳ್ಳಿ. 1897ರಲ್ಲಿ ಮುಗಿದ ಕಟ್ಟಡ, ಕೆಂಪು ಮರಳುಗಲ್ಲು, ಗ್ರಾನೈಟು, ಮೇಲೆ ಗಡಿಯಾರದ ಗೋಪುರ. ಕಂಬಗಳ ಮೇಲೆ ಕೆತ್ತಿದ ಮುಖಗಳಿವೆ. ಕಲ್ಲುಕುಟಿಗನಿಗೆ ಊರಿನ ಒಬ್ಬ ಹುಡುಗಿಯ ಮೇಲೆ ಮನಸ್ಸಾಗಿ, ಮೊದಲು ಚಂದದ ಮುಖ ಕೆತ್ತಿದನಂತೆ, ಅವಳು ಒಲ್ಲೆ ಅಂದಂತೆಲ್ಲ ಮುಖ ವಿಕಾರವಾಗುತ್ತಾ ಹೋಯಿತಂತೆ. ಕತೆಯೇ ಇರಬೇಕು, ಆದರೆ ಊರವರು ಬಿಡುವುದಿಲ್ಲ. ಅದು ಹತ್ತಿ ಬೆಳೆಯುವ ಸೀಮೆ, ಹತ್ತಿಯ ದುಡ್ಡಿನ ಕಾಲದಲ್ಲಿ ಎದ್ದ ಕಟ್ಟಡ. ಅವರ ಹತ್ತಿ ನಿಂತಾಗ ನಮ್ಮ ಕೋರ್ಟು ಬಂತು, ಅವರ ಹತ್ತಿ ಮತ್ತೆ ಬೆಳೆದಾಗ ಅವರ ಕೋರ್ಟು ಬಂತು. ಅಲ್ಲಿನ ಹುಲ್ಲಿನ ಮೇಲೆ ಕೂತು ನನಗೆ ಇದೇ ಯೋಚನೆ.

ಅವರೇನು ಮೊದಲಿನಿಂದ ಬುದ್ಧಿವಂತರಾಗಿರಲಿಲ್ಲ. ಟೆಕ್ಸಾಸಿನಲ್ಲಿ 254 ಕೌಂಟಿ, ಅಷ್ಟೂ ಕಡೆ ಕೋರ್ಟು, ಎಷ್ಟೋ ಕಟ್ಟಡಗಳನ್ನು ನಮ್ಮ ಹಾಗೆಯೇ ಸೋರಲು ಬಿಟ್ಟಿದ್ದರು. 1993ರ ಜನವರಿ 1ರಂದು ಹಿಲ್ ಕೌಂಟಿಯ 1890ರ ಕೋರ್ಟಿಗೆ ಬೆಂಕಿ ಬಿತ್ತು. ಗಡಿಯಾರದ ಗೋಪುರ ಒಳಗೇ ಕುಸಿಯಿತು, ಗೋಡೆ ಮಾತ್ರ ಉಳಿದವು. ಆ ಕೌಂಟಿಯವನೇ ಆದ ಹಾಡುಗಾರ ವಿಲ್ಲಿ ನೆಲ್ಸನ್ ಸಂಗೀತ ಕಛೇರಿ ಮಾಡಿ ದುಡ್ಡು ಎತ್ತಿಕೊಟ್ಟ. 1999ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಅದರ ಹಿಂದಿನ ವರ್ಷ, 1998ರಲ್ಲಿ, ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲಿ ಟೆಕ್ಸಾಸಿನ ಕೋರ್ಟುಗಳ ಹೆಸರು ಬಂದಿತ್ತು. 1999ರಲ್ಲಿ ರಾಜ್ಯವೇ ಒಂದು ಯೋಜನೆ ಶುರು ಮಾಡಿತು. ಮೊದಲು ಕಟ್ಟಡವನ್ನು ಪೂರ್ತಿ ಪರೀಕ್ಷೆ ಮಾಡಿ ಏನು ಮಾಡಬೇಕು ಅಂತ ಬರೆದು ಕೊಡಬೇಕು, ಆಮೇಲೆ ರಾಜ್ಯ ದುಡ್ಡು ಕೊಡುತ್ತದೆ, ಕೌಂಟಿಯೂ ತನ್ನ ಪಾಲು ಹಾಕಬೇಕು. ಈವರೆಗೆ 70ಕ್ಕೂ ಜಾಸ್ತಿ ಕೋರ್ಟು ಪೂರ್ತಿ ರಿಪೇರಿಯಾಗಿವೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ರಿಪೇರಿ ಆದ ಕಟ್ಟಡವನ್ನು ವರ್ಷ ವರ್ಷ ಹೇಗೆ ನೋಡಿಕೊಳ್ಳಬೇಕು ಅಂತ ಅಲ್ಲಿನ ಸಿಬ್ಬಂದಿಗೆ ಕಲಿಸುತ್ತಾರೆ. ಅಂದರೆ ನಮ್ಮ ಹಂಚು ಕೈಯಾಡಿಸುವ ಕೆಲಸವೇ, ಅವರು ಅದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ.

ಅಮೆರಿಕದ ದುಡ್ಡು ನಮ್ಮಲ್ಲಿ ಎಲ್ಲಿ ಅಂತ ಕೇಳುವವರು ಬೆಂಗಳೂರಿನ ಅಠಾರಾ ಕಚೇರಿ ನೋಡಲಿ. 1868ರ ಕಟ್ಟಡ, 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ಬೀದಿಗೂ ಬಂದರು, ಕೋರ್ಟಿಗೂ ಹೋದರು. ಈಗಲೂ ಹೈಕೋರ್ಟು ನಡೆಯುವುದು ಆ ಕೆಂಪು ಗೋಡೆಗಳ ಒಳಗೇ.

ಹೊಸ ಕೋರ್ಟು ಬೇಡ ಅಂತ ನಾನು ಹೇಳುವುದಿಲ್ಲ. ಬೇಕೇ ಬೇಕು. ಹಳೇ ಕಟ್ಟಡದಲ್ಲಿ ಹೆಂಗಸರಿಗೆ ಸರಿಯಾದ ಶೌಚಾಲಯ ಇರಲಿಲ್ಲ. ಕಾಲು ನೋವಿನ ಮುದುಕರನ್ನು ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದ್ದನ್ನು ನಾನೇ ಎಷ್ಟು ಸಲ ನೋಡಿದ್ದೇನೆ. ಹೊಸದು ಕಟ್ಟಿ, ಲಿಫ್ಟ್ ಹಾಕಿ. ಹಳೇ ಕೋರ್ಟ್ ಹಾಲ್‌ನಲ್ಲಿ ಲೋಕ ಅದಾಲತ್ ಮಾಡಿ, ಉಚಿತ ಕಾನೂನು ನೆರವಿನವರಿಗೆ ಕೊಡಿ, ಮೂಲೆಯಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆಯಲಿ. ಖಾಲಿ ಬಿಟ್ಟರೆ ಮಾತ್ರ ಮುಗಿಯಿತು, ಬಾಗಿಲು ಹಾಕಿದ ಮನೆ ನಮ್ಮ ಮಳೆಗೆ ನಾಲ್ಕು ವರ್ಷ ತಡೆಯುವುದಿಲ್ಲ.

ಇನ್ನೊಂದು, ವಯರಿಂಗ್. ಒಣಗಿದ ಸಾಗವಾನಿ ತೊಲೆಯ ಮೇಲೆ ಹಳೇ ವಯರು, ಅದರ ಮೇಲೆ ಹೊಸ ವಯರು, ಅದಕ್ಕೆ ಕಂಪ್ಯೂಟರು, ಪ್ರಿಂಟರು, ಪಕ್ಕದ ಕೋಣೆಯಲ್ಲಿ ಕಟ್ಟು ಕಟ್ಟು ಕಾಗದ. ಹಿಲ್ ಕೌಂಟಿಗೆ ಬಿದ್ದದ್ದೂ ವಿದ್ಯುತ್ತಿನ ಬೆಂಕಿಯೇ. ಬೇರೆ ಯಾವುದಕ್ಕೂ ದುಡ್ಡು ಇಲ್ಲದಿದ್ದರೆ ಮೊದಲು ಇದನ್ನಾದರೂ ಮಾಡಿ.

ಪುರಾತತ್ವ ಮತ್ತು ಪರಂಪರೆ ಇಲಾಖೆಯವರು ಒಮ್ಮೆ ಬಂದು ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ ಎಲ್ಲ ಸುತ್ತಿ, ಯಾವ್ಯಾವ ಹಳೇ ಕೋರ್ಟು, ಕಚೇರಿ ಉಳಿದಿವೆ ಅಂತ ಪಟ್ಟಿ ಮಾಡಲಿ. ಪಟ್ಟಿಯಲ್ಲಿರುವ ಕಟ್ಟಡಕ್ಕೆ ಸುಣ್ಣದ ಕೆಲಸ ಬಲ್ಲವರನ್ನು ಕೇಳದೆ ಸಿಮೆಂಟ್ ಚೀಲ ಒಳಗೆ ಹೋಗಬಾರದು ಅಂತ ಒಂದು ಆದೇಶ ಆಗಲಿ. ಗಾರೆ ಬಲ್ಲವರು ಈಗ ಕಡಿಮೆ. ನಕ್ಕಿದ್ದ ಆ ಮೇಸ್ತ್ರಿ ತೀರಿಕೊಂಡರು. ಅವರ ಮಗ ಗೋವೆಯಲ್ಲಿ ಟೈಲ್ಸ್ ಕೆಲಸ ಮಾಡುತ್ತಾನೆ.

ಕೊನೆಗೆ ಒಂದು ಸಣ್ಣ ವಿಷಯ, ಈ ಪತ್ರ ಬರೆಯಲು ನಿಜವಾದ ಕಾರಣವೇ ಅದು. ಮೊನ್ನೆ ಆ ಊರಿಗೆ ಹೋಗಿದ್ದೆ. ತಗಡು ಹಾಕುವಾಗ ತೆಗೆದ ಮಂಗಳೂರು ಹಂಚುಗಳನ್ನು ಕಟ್ಟಡದ ಹಿಂದೆ ಬಾವಿಯ ಪಕ್ಕ ಸಾಲಾಗಿ ಪೇರಿಸಿ ಇಟ್ಟಿದ್ದಾರೆ, ಪಾಚಿ ಕಟ್ಟಿದೆ ಅಷ್ಟೇ, ಮುಕ್ಕಾಲು ಪಾಲು ಗಟ್ಟಿಯಾಗಿವೆ. ಬೆರಳಲ್ಲಿ ಬಡಿದು ನೋಡಿದೆ, ಟಣ್ ಅನ್ನುತ್ತವೆ. ಗುಜರಿಗೆ ಹರಾಜು ಹಾಕುತ್ತಾರೆ ಅಂತ ಅಲ್ಲಿನ ಪಟ್ಟೇವಾಲೆ ಹೇಳಿದ. ದಯವಿಟ್ಟು ಹಾಕಬೇಡಿ. ಮಳೆಗೆ ಇನ್ನೂ ಮೂರು ವಾರ ಇದೆ.

ಇಂತಿ,
ನಿವೃತ್ತ ಬೆಂಚ್ ಕ್ಲರ್ಕ್
ಕಾರವಾರ