ಮಾತ್ರೆಯ ಜೊತೆಗೆ ನಿದ್ರೆಯ ವೇಳೆಯನ್ನೂ ನೋಡಿಕೋ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ರಕ್ತಪರೀಕ್ಷೆಯ ವರದಿ ನೋಡಿದೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 172 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ‘ಮಾತ್ರೆ ಶುರುಮಾಡಿದ್ದೇನೆ, ಚಿಂತೆ ಬೇಡ’ ಎಂದು ಬರೆದಿದ್ದೀಯೆ. ಅದೇ ಪತ್ರದ ಕೊನೆಯಲ್ಲಿ, ಈ ವಾರ ರಾತ್ರಿ ಪಾಳಿ, ಮುಂದಿನ ವಾರ ಬೆಳಗಿನ ಪಾಳಿ, ರಾತ್ರಿ ಎರಡಕ್ಕೆ ಊಟ ಎಂದೂ ಇದೆ. ಇವೆರಡನ್ನೂ ನೀನು ಬೇರೆ ಬೇರೆ ಸಂಗತಿಗಳೆಂದು ತಿಳಿದಿದ್ದೀಯೆ. ನನಗೆ ಚಿಂತೆಯಾಗಿರುವುದು ಅದಕ್ಕೇ.

ಮೆದುಳಿನಲ್ಲಿ, ಕಣ್ಣಿನ ನರಗಳು ಹಾದುಹೋಗುವ ಜಾಗದ ಮೇಲೆ, ಸುಮಾರು 20,000 ಜೀವಕೋಶಗಳ ಪುಟ್ಟ ಗುಂಪೊಂದಿದೆ. ಅದೇ ದೇಹದ ಮುಖ್ಯ ಗಡಿಯಾರ. ಹಗಲು ಯಾವುದು, ಇರುಳು ಯಾವುದು ಎಂದು ಅದು ಬೆಳಕು ನೋಡಿ ನಿರ್ಧರಿಸುತ್ತದೆ. ಯಕೃತ್ತಿಗೂ ತನ್ನದೇ ಗಡಿಯಾರವಿದೆ. ಅದು ಹೆಚ್ಚಾಗಿ ಊಟದ ಹೊತ್ತನ್ನು ನೋಡಿ ನಡೆಯುತ್ತದೆ. ಈ ಗಡಿಯಾರಗಳ ಒಳಗುಟ್ಟನ್ನು ಬಿಡಿಸಿದ್ದಕ್ಕೇ 2017ರಲ್ಲಿ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ ನೊಬೆಲ್ ಬಂತು. ನೀನು ನಡುರಾತ್ರಿ ಹೊಟ್ಟೆ ತುಂಬಾ ಉಂಡರೆ ಮೆದುಳು ಇರುಳೆನ್ನುತ್ತದೆ, ಯಕೃತ್ತು ಹಗಲೆನ್ನುತ್ತದೆ. ಕೊಲೆಸ್ಟರಾಲ್ ತಯಾರಾಗುವುದರಲ್ಲೂ ರಕ್ತದಿಂದ ಹೊರಹೋಗುವುದರಲ್ಲೂ ಯಕೃತ್ತಿನದೇ ದೊಡ್ಡ ಪಾತ್ರ ಎಂಬುದನ್ನು ಮರೆಯಬೇಡ. ಗಡಿಯಾರಗಳು ಹೀಗೆ ಕಿತ್ತಾಡಿದರೆ ಆ ಕೆಲಸವೂ ಹದತಪ್ಪಬಹುದು.

ಇನ್ನೊಂದು ಕೆಡುಕೂ ಇದೆ. ಆರೋಗ್ಯವಂತರಲ್ಲಿ ನಿದ್ರೆಯ ಹೊತ್ತಿಗೆ ರಕ್ತದೊತ್ತಡ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹೊತ್ತು ತಪ್ಪಿ ಮಲಗುವವರಿಗೆ ಈ ಇಳಿತ ಸರಿಯಾಗಿ ಸಿಗದಿರಬಹುದು. ಒತ್ತಡ ತಿಂದ ರಕ್ತನಾಳದ ಒಳಪದರ ದುರ್ಬಲವಾಗುತ್ತದೆ, ಎಲ್‌ಡಿಎಲ್ ಒಳಗೆ ಸೇರಿ ವರ್ಷಗಟ್ಟಲೆ ಕೊಬ್ಬಿನ ಗಡ್ಡೆ ಕಟ್ಟುತ್ತದೆ. ನೋವಿಲ್ಲ, ಸುಸ್ತಿಲ್ಲ, ಯಾವ ಸುಳಿವೂ ಇಲ್ಲ. ಆ ಗಡ್ಡೆ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದಾಗಲೇ ಹೃದಯಾಘಾತ. ‘ನನಗೇನೂ ಆಗುತ್ತಿಲ್ಲವಲ್ಲ’ ಎಂಬ ನಿನ್ನ ಮಾತಿನಲ್ಲಿ ಅದಕ್ಕೇ ನನಗೆ ನಂಬಿಕೆಯಿಲ್ಲ.

ಕೆಲಸ ಬಿಡು ಎನ್ನುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಎಷ್ಟೋ ಜನ ದುಡಿಯುತ್ತಾರೆ, ಅವರಿಲ್ಲದೆ ಆಸ್ಪತ್ರೆಗಳೇ ನಡೆಯುವುದಿಲ್ಲ. ಆದರೆ ದೊಡ್ಡ ಊಟವನ್ನು ಪಾಳಿಗೆ ಹೋಗುವ ಮುಂಚೆಯೇ ಮುಗಿಸು. ನಡುರಾತ್ರಿ ಹಸಿವಾದರೆ ಅಲ್ಪವಾಗಿ ತಿನ್ನು. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ರಾತ್ರಿ ಎಚ್ಚರವಿದ್ದರೂ ಹಗಲಿನಲ್ಲೇ ಉಂಡವರ ರಕ್ತದ ಸಕ್ಕರೆ ರಾತ್ರಿ ಉಂಡವರಂತೆ ಏರಲಿಲ್ಲ. ಮನೆಗೆ ಬಂದ ಮೇಲೆ ಕೋಣೆಯನ್ನು ಕತ್ತಲಾಗಿಸಿ ಮಲಗು, ಮೊಬೈಲ್ ಹೊರಗಿಡು. ಪಾಳಿ ಬದಲಾಗಲೇಬೇಕೆಂದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಬದಲಾಯಿಸಲು ಕೇಳು. ಹಿಂದುಮುಂದಾದರೆ ದೇಹಕ್ಕೆ ಹೊಂದಿಕೊಳ್ಳುವುದು ಕಷ್ಟ.

ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ. ಯಕೃತ್ತು ಕೊಲೆಸ್ಟರಾಲನ್ನು ರಾತ್ರಿ ಹೆಚ್ಚು ತಯಾರಿಸುವುದರಿಂದ ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆಗಳನ್ನು ಸಂಜೆಯ ನಂತರ ಕೊಡುತ್ತಾರೆ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳಿಗೆ ಆ ಕಟ್ಟಳೆಯಿಲ್ಲ. ನಿನ್ನದು ಯಾವುದು, ರಾತ್ರಿ ಪಾಳಿಯಲ್ಲಿ ಎಷ್ಟು ಹೊತ್ತಿಗೆ ನುಂಗಬೇಕು ಎಂದು ವೈದ್ಯರನ್ನೇ ಕೇಳು.

ಎದೆ ಬಿಗಿದು, ಬೆವರು ಬಂದು, ನೋವು ದವಡೆಗೋ ತೋಳಿಗೋ ಹರಿದರೆ ಗ್ಯಾಸ್ ಎಂದು ಸುಮ್ಮನಿರಬೇಡ, ಕೂಡಲೇ ಆಸ್ಪತ್ರೆಗೆ ಹೋಗು.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ವರದಿಯ ಜೊತೆಗೆ ನಿನ್ನ ಪಾಳಿಯ ಪಟ್ಟಿಯನ್ನೂ ತೋರಿಸು. ನಮ್ಮ ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಹೃದ್ರೋಗ ಬಂತೆಂದು ಅವರು ಕೇಳುತ್ತಾರೆ. ಅದನ್ನು ಬರೆದು ಈ ಪತ್ರದೊಂದಿಗೆ ಇಟ್ಟಿದ್ದೇನೆ.

ನಿನ್ನ ದೊಡ್ಡಪ್ಪ