ಪ್ರೈಮರ್‌ಗೆ ಪೆಟ್ಟು ಸಾಲದಿದ್ದಾಗ: ಮೋಸಿನ್ ನಾಗಾಂತ್ ಇಟ್ಟುಕೊಂಡವರಿಗೆ

ಮೋಸಿನ್ ನಾಗಾಂತ್ ಎಂಬ ಹಳೆಯ ರಷ್ಯನ್ ರೈಫಲ್ ಇರುವ ಸದಸ್ಯರ ಗಮನಕ್ಕೆ. ಪ್ರೈಮರ್ ಎಂದರೆ ಗುಂಡಿನ ಬುಡದಲ್ಲಿ ಪೆಟ್ಟು ಬಿದ್ದು ಕಿಡಿ ಹೊತ್ತಿಸುವ ಬಿಲ್ಲೆ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ನಳಿಗೆ ಗುರಿಯತ್ತಲೇ ಇರಲಿ. ತಡವಾಗಿ ಸಿಡಿಯುವುದೂ ಉಂಟು. ಕನಿಷ್ಠ ಒಂದು ನಿಮಿಷ ಬಿಟ್ಟು ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಜಾರುಕೊಳವೆ) ತೆರೆಯಿರಿ.

ಪೆಟ್ಟು ಸಾಲದೆಂದು ಫೈರಿಂಗ್ ಪಿನ್ ತಳ್ಳುವ ಹೊಸ ಸ್ಪ್ರಿಂಗ್ ಕೊಳ್ಳುವ ಅವಸರ ಬೇಡ. ಹೆಚ್ಚಿನ ಸಲ ಕಾರಣ ಕಾಸ್ಮೊಲಿನ್. ದಾಸ್ತಾನಿಗೆಂದು ಬಳಿದ ಈ ಗ್ರೀಸ್ ಬೋಲ್ಟ್‌ನೊಳಗೆ ಗಟ್ಟಿಯಾಗಿ ಪ್ರೈಮರ್‌ಗೆ ಹೊಡೆಯುವ ಫೈರಿಂಗ್ ಪಿನ್ನಿನ ವೇಗ ತಗ್ಗಿಸುತ್ತದೆ. ಹೊರಗೆ ಒರೆಸಿದರೆ ಹೋಗುವುದಿಲ್ಲ. ಬೋಲ್ಟ್ ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒಳಕೊಳವೆಯನ್ನು ಬ್ರಶ್‌ನಿಂದ ಉಜ್ಜಿ ಒಣಗಿಸಿ. ಆಮೇಲೆ ತೆಳು ಎಣ್ಣೆಯ ಪಸೆ ಸಾಕು. ಗ್ರೀಸ್ ಹಾಕಿದರೆ ಚಳಿಯಲ್ಲಿ ಮತ್ತದೇ ಕಥೆ.

ಜೋಡಿಸುವಾಗಲೇ ಎಡವಟ್ಟಾಗುವುದು. ಪಿನ್ ತನ್ನ ಹಿಂಬದಿಯ ಕಾಕಿಂಗ್ ಪೀಸ್‌ಗೆ (ಪಿನ್ನನ್ನು ಹಿಂದಕ್ಕೆಳೆದು ಹಿಡಿಯುವ ಭಾಗ) ತಿರುಪಿನಿಂದ ಸೇರುತ್ತದೆ. ಹೆಚ್ಚು ತಿರುಗಿಸಿದರೆ ತುದಿ ಗಿಡ್ಡವಾಗಿ ಪೆಟ್ಟು ಮೆಲುವಾಗುತ್ತದೆ, ಕಡಿಮೆ ತಿರುಗಿಸಿದರೆ ಪ್ರೈಮರ್ ತೂತಾಗಿ ಬಿಸಿ ಅನಿಲ ಮುಖದತ್ತ ಬರಬಹುದು. ಸ್ಪ್ರಿಂಗ್ ಸಡಿಲಿಸಿದ ಸ್ಥಿತಿಯಲ್ಲಿ ತುದಿ 0.075ರಿಂದ 0.095 ಇಂಚು ಹೊರಗಿರಬೇಕು. ರೈಫಲ್ ಜೊತೆ ಬರುವ ಸಾಧನದ 75ರ ಕಚ್ಚು ತುದಿಗೆ ತಾಗಬೇಕು, 95ರದ್ದು ತಾಗದೆ ದಾಟಬೇಕು.

ಎರಡನೇ ಪೆಟ್ಟಿಗೆ ಸಿಡಿದರೆ ಪ್ರೈಮರ್ ಪೂರ್ತಿ ಒಳಗೆ ಕೂತಿರಲಿಲ್ಲ ಎಂದು ಶಂಕಿಸಿ. ಬೇರೆ ಲಾಟಿನ (ತಯಾರಿಕೆ ತಂಡದ) ಗುಂಡು ಹಾಕಿ ನೋಡಿ. ಇಷ್ಟಾದರೂ ಪ್ರೈಮರ್ ಮೇಲೆ ಪಿನ್ ಮಾಡುವ ಗುಳಿ ಆಳವಿಲ್ಲವೇ? ಆಗ ಸ್ಪ್ರಿಂಗ್ ಬದಲಿಸಿ. ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ಗೂ ಕೋಣೆಯಲ್ಲಿ ಗುಂಡು ತಡೆದು ನಿಲ್ಲುವ ಅಂಚಿಗೂ ನಡುವಿನ ಅಂತರ) ಅನ್ನು ಮಾತ್ರ ಗೇಜ್ ಇರುವ ಗನ್‌ಸ್ಮಿತ್ (ಬಂದೂಕು ರಿಪೇರಿಗಾರ) ಅಳೆಯಲಿ, ಕಣ್ಣಂದಾಜು ನಡೆಯುವುದಿಲ್ಲ.