ಶಾಲೆಯ ಮಾಡು (ಹಂಚಿನ ಸೂರು) ರಿಪೇರಿಗೆ ಮನವಿ (ಈ ಸಲ ಸರಿಯಾಗಿ ಬರೆದದ್ದು)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಸಭೆಯ, ಅಂದ್ರೆ ನಮ್ಮ ಚರ್ಚಿನವರ, ಹೆಸರಲ್ಲಿ ವಾಟ್ಸಾಪಲ್ಲಿ ಒಂದು ಪಾಂಪ್ಲೆಟ್ ತಿರುಗ್ತಾ ಇತ್ತಲ್ವಾ, "ನಮ್ಮ ಸಭೆ ಕಟ್ಟಿ ಬೆಳೆಸಿದ ಶಾಲೆ, 160 ವರ್ಷದ ಮಾಡು, ಉಳಿಸಿಕೊಡಿ" ಅಂತ, ಅದನ್ನು ಬರೆದವ ನಾನೇ. ದಯವಿಟ್ಟು ಡಿಲೀಟ್ ಮಾಡಿ. ಯಾರಿಗಾದ್ರೂ ಫಾರ್ವರ್ಡ್ ಮಾಡಿದ್ರೆ ಅವರಿಗೂ ಹೇಳಿ. ಅದರಲ್ಲಿ ಎರಡು ಸುಳ್ಳುಂಟು, ಬೇಕಂತ ಹೇಳಿದ್ದಲ್ಲ ಆದ್ರೂ ಸುಳ್ಳು ಸುಳ್ಳೇ.

ಮೊದಲನೆಯದ್ದು ಆ 160. ಮಳೆಗಾಲದಲ್ಲಿ ಮೂರನೇ ಕ್ಲಾಸಿನ ಮೇಲೆ ಸೋರ್ತಿತ್ತು ಅಂತ ಹಂಚು ಇಳಿಸುವಾಗ ಒಂದರ ಅಡಿಯಲ್ಲಿ ಬಾಸೆಲ್ ಮಿಷನ್ ಅಂತಲೂ 1865 ಅಂತಲೂ ಅಚ್ಚಾಗಿತ್ತು, ನಾನು ಖುಷಿಯಲ್ಲಿ ಲೆಕ್ಕ ಹಾಕಿಬಿಟ್ಟೆ. 1865 ಅಂದ್ರೆ ಪ್ಲೆಬ್ಸ್ಟ್ ಎಂಬ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಮಾರಾಯ್ರೆ, ನಮ್ಮ ಶಾಲೆಗೆ ಹಂಚು ಹೊದಿಸಿದ ವರ್ಷ ಅಲ್ಲ. ಪಕ್ಕದ ಹಂಚು ತಿರುಗಿಸಿ ನೋಡಿದ್ರೆ ಕಾಮನ್‌ವೆಲ್ತ್ ಅಂತ ಉಂಟು, ಅದು ಮೊದಲನೇ ಮಹಾಯುದ್ಧದ ನಂತರ ಕಾರ್ಖಾನೆ ಮಿಷನ್ ಕೈಯಿಂದ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದ ಮೇಲಿನದ್ದು. ಅಂದ್ರೆ ಎಲ್ಲೆಲ್ಲಿಂದಲೋ ಇಳಿಸಿ ತಂದ ಹಳೆ ಹಂಚು ಸೇರಿಸಿ ಹೊದಿಸಿದ ಮಾಡು ನಮ್ಮದು.

ಎರಡನೆಯದ್ದು ದೊಡ್ಡ ಸುಳ್ಳು. ಪಾಂಪ್ಲೆಟ್ ಬಂದ ಮರುದಿವಸವೇ ಶಾಲೆ ಹಿಂದಿನ ಮನೆಯ ಅಜ್ಜಿ ಮೊಮ್ಮಗನ ಮೊಬೈಲ್ ಹಿಡ್ಕೊಂಡು ಬಂದ್ರು. ಅವರು ತುಳುವಿನಲ್ಲಿ ಕೇಳಿದ್ದನ್ನು ಪೂರ್ತಿ ಬರೆದ್ರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಸಾರಾಂಶ ಇಷ್ಟು, ಜಾಗ ಬಿಟ್ಟುಕೊಟ್ಟದ್ದು ಗುತ್ತಿನ ಮನೆಯವರು (ಊರಿನ ದೊಡ್ಡ ಜಮೀನಿನ ಮನೆತನ), ಕೆಂಪುಕಲ್ಲು ತಲೆ ಮೇಲೆ ಹೊತ್ತದ್ದು ಅವರ ಅಪ್ಪ ಮತ್ತು ಆ ಓಣಿಯ ಜನ, ಬೆಳಿಗ್ಗೆ ಮೂರ್ತೆಗೆ (ಕಳ್ಳು ಇಳಿಸ್ಲಿಕ್ಕೆ) ಹೋಗಿ ಬಂದು ಮಧ್ಯಾಹ್ನದ ಮೇಲೆ ಕೂಲಿ ಇಲ್ಲದೆ, ಅವರಲ್ಲಿ ಒಬ್ಬರೂ ನಮ್ಮ ಸಭೆಯವರಲ್ಲ. ನಮ್ಮ ಸಭೆ ಮಾಡಿದ್ದು ಮೇಷ್ಟ್ರನ್ನು ತಂದದ್ದು, ಶಾಲೆ ನಡೆಸಿದ್ದು. ಅದು ಸಣ್ಣದಲ್ಲ, ಆದ್ರೆ ಕಟ್ಟಿದ್ದು ನಾವಲ್ಲ.

ಆದಿತ್ಯವಾರ ಆರಾಧನೆ ಆದ ಮೇಲೆ ಅಯ್ಯನವರಿಗೆ (ಚರ್ಚಿನ ಪಾದ್ರಿಗೆ) ಇದನ್ನು ಹೇಳಿದೆ. ಅವರು ಬೈಲಿಲ್ಲ, ಬೈಬಲಲ್ಲಿ ಪೌಲ ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದ 10ನೇ ಅಧ್ಯಾಯ ಓದ್ಲಿಕ್ಕೆ ಹೇಳಿದ್ರು ಅಷ್ಟೆ, ಬೈದಿದ್ರೇ ಸಲೀಸಿತ್ತು. ಬೇರೆಯವರು ಬೆವರು ಸುರಿಸಿದ ಜಾಗದಲ್ಲಿ ನಿಂತು ಇದು ನನ್ನದು ಅಂತ ಹೊಗಳಿಕೊಳ್ಳುವವ ನಾನಲ್ಲ ಅಂತ ಪೌಲ ಅಲ್ಲಿ ಹೇಳ್ತಾನೆ. ಅವನು ಬರೆದದ್ದು ಯಾರಿಗೆ, ನಾನು ಪೌಲನ ಕಡೆ ನಾನು ಅಪೊಲ್ಲೋಸನ (ಇನ್ನೊಬ್ಬ ಬೋಧಕ) ಕಡೆ ಅಂತ ಜಗಳಾಡ್ತಿದ್ದ ಸಭೆಗೆ. ಆ ಸಭೆಗೆ ಬುನಾದಿ ಹಾಕಿದವನೇ ಅವನು, ಆದ್ರೂ ಮೊದಲನೇ ಪತ್ರದಲ್ಲಿ ನೆಟ್ಟದ್ದು ನಾನು, ನೀರು ಹೊಯ್ದದ್ದು ಅಪೊಲ್ಲೋಸ, ಬೆಳೆಸಿದ್ದು ದೇವರು ಅಂತ ಪಾಲು ಹಂಚಿಬಿಟ್ಟ.

ನಮ್ಮೂರಿನ ಮಿಷನರಿಗಳೆಲ್ಲ ಹಾಗೇ ಇದ್ರು ಅಂತ ನಾನು ಹೇಳುವುದಿಲ್ಲ. ಆದ್ರೆ ಕಿಟೆಲ್ ಡಿಕ್ಷನರಿ ಒಮ್ಮೆ ತೆರೆದು ನೋಡಿ. 1853ರಲ್ಲಿ ಇಲ್ಲಿಗೆ ಬಂದವರು, ಪುಸ್ತಕ ಹೊರಗೆ ಬಂದದ್ದು 1894ರಲ್ಲಿ, 70 ಸಾವಿರದಷ್ಟು ಪದ, ಇಷ್ಟು ಮಾಡಿದವ ಎಲ್ಲ ನಂದೇ ಅಂದಿದ್ರೂ ಯಾರೂ ಕೇಳ್ತಿರ್ಲಿಲ್ಲ. ಆದ್ರೆ ಶಬ್ದಮಣಿದರ್ಪಣದಿಂದ ತಗೊಂಡ ಪದಕ್ಕೆ ಅದರ ಗುರುತು, ಬಸವಪುರಾಣದ್ದಕ್ಕೆ ಅದರದ್ದು, ಜನರ ಬಾಯಲ್ಲಿದ್ದ ಗಾದೆ ಹಾಕಿದ್ರೆ ಗಾದೆ ಅಂತಲೇ ಗುರುತು. ಅವರಿಗಿಂತ ಮುಂಚೆ ಲಂಡನ್ ಮಿಷನ್ನಿನ ರೀವ್ ಅವರ ಕನ್ನಡ ನಿಘಂಟು 1832ರಲ್ಲೇ ಬಂದಾಗಿತ್ತು, ಅದನ್ನು ಈಗ ನೆನೆಸುವವರು ಎಷ್ಟು ಜನ? ಇನ್ನೊಬ್ಬರಿದ್ರು, ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರು ಹಳೆ ಕನ್ನಡ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸುವಾಗ ದುಡ್ಡು ಕೊಟ್ಟವರು ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಮಂಗಳೂರಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿ, ಮೋಗ್ಲಿಂಗ್ ಗೊತ್ತು ಅಂತ ಒಬ್ಬರಾದ್ರೂ ಹೇಳಿಯಾರು, ಕಸಮೇಜರ್ ಅಂದ್ರೆ ಹಡಗಿನ ಹೆಸರಾ ಅಂತ ಕೇಳ್ತಾರೆ.

ಇನ್ನು ಆ 1865ರ ಹಂಚು. ಒಡೆದದ್ದಲ್ಲ, ಹಾಗಾಗಿ ಆಫೀಸಿನ ಮೇಜಿನ ಮೇಲೆ ಇಟ್ಟಿದ್ದೇವೆ. ಅಡಿಭಾಗದಲ್ಲಿ ಕಂಪೆನಿ ಹೆಸರು ದೊಡ್ಡದಾಗಿ, ಅದರ ಪಕ್ಕ ಮೂಲೆಯಲ್ಲಿ ಒಂದು ಹೆಬ್ಬೆರಳ ಗುರುತು, ಹಸಿ ಇರುವಾಗ ಯಾರೋ ಎತ್ತಿಟ್ಟದ್ದು. ಸಣ್ಣ ಬೆರಳು, ಹೆಂಗಸಿನದ್ದೋ ಹುಡುಗನದ್ದೋ. ಗೆರೆಗೆರೆ ಸಮೇತ ಸುಟ್ಟು ಗಟ್ಟಿಯಾಗಿ ಹಾಗೇ ಉಂಟು. ಶಾಲೆಗೆ ಬಂದ್ರೆ ಒಮ್ಮೆ ನಿಮ್ಮ ಹೆಬ್ಬೆರಳು ಅದರ ಮೇಲಿಟ್ಟು ನೋಡಿ.

ಈಗ ದುಡ್ಡಿನ ವಿಷಯ. ಹಂಚಿನ ಅಡಿಯ ಮರ, ಪಕ್ಕಾಸು, ರೀಪು ಎಲ್ಲ ಒರಲೆ (ಗೆದ್ದಲು) ಹಿಡಿದು ಹೋಗಿದೆ, ಮರಕ್ಕೇ 2,10,000 ರೂಪಾಯಿ. ಹಳೆ ಹಂಚು ಸುಮಾರು ಪುನಃ ಹಾಕ್ಬಹುದು, ಸಾಲದ್ದಕ್ಕೆ 1,200 ಹಂಚು ಬೇಕು, ಸಾಗಾಟ ಸೇರಿ ಒಂದಕ್ಕೆ 45ರ ಹಾಗೆ 54,000. ಆಚಾರಿಯವರ ಮತ್ತು ಕೆಲಸದವರ ಮಜೂರಿ 1,30,000, ವೈರಿಂಗ್ 36,000. ಒಟ್ಟು 4,30,000. ಬೆಳೆಹಬ್ಬದ ಏಲಂ, ಸಭೆಯವರ ಕಾಣಿಕೆ, ಓಣಿಯವರು ಕೊಟ್ಟದ್ದು ಎಲ್ಲ ಸೇರಿ 1,38,000 ಕೈಯಲ್ಲಿ ಉಂಟು. 2,92,000 ಕಮ್ಮಿ ಬಿದ್ದಿದೆ.

ಮಕ್ಕಳು 41 ಜನ, ಅದರಲ್ಲಿ ನಮ್ಮ ಸಭೆಯ ಮಕ್ಕಳು 6. ಮಧ್ಯಾಹ್ನದ ಊಟ ಸರ್ಕಾರದ ಅಕ್ಷರ ದಾಸೋಹದ್ದು, ಖಾಯಂ ಟೀಚರ್‌ಗಳ ಸಂಬಳವೂ ಸರ್ಕಾರದ್ದು, ಮೊದಲಿನ ಪಾಂಪ್ಲೆಟಲ್ಲಿ "ನಾವು ಉಣಿಸುವ ಮಕ್ಕಳು" ಅಂತ ಇದ್ದದ್ದು ಸಹ ತಪ್ಪೇ, ಹಾಗಾದ್ರೆ ಸುಳ್ಳು ಮೂರಾಯ್ತು.

ಕೊಟ್ಟವರಿಗೆ ರಸೀದಿ ಕೊಡ್ತೇವೆ, ಖರ್ಚಿನ ಲೆಕ್ಕ ಪ್ರತಿ ಶನಿವಾರ ಬೋರ್ಡಿಗೆ ಹಾಕ್ತೇವೆ. ಗೋಡೆಗೆ ಹೆಸರಿನ ಕಲ್ಲು ಹಾಕುವುದಿಲ್ಲ, ಯಾರದ್ದೂ ಇಲ್ಲ, ಸಭೆಯದ್ದೂ ಇಲ್ಲ. ಇದಕ್ಕೆ ಕಮಿಟಿಯಲ್ಲಿ ಒಳ್ಳೆ ಜಟಾಪಟಿ ಆಯ್ತು, ಹೆಸರು ಹಾಕದಿದ್ರೆ ಯಾರು ದುಡ್ಡು ಕೊಡ್ತಾರೆ ಅಂತ ಕೇಳಿದ್ರು, ಆ ಮಾತಲ್ಲಿ ಸತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ, ಅದಕ್ಕೇ ಇಷ್ಟುದ್ದ ಬರೀತಾ ಇರುವುದು. ದುಬೈ, ಮಸ್ಕತ್ ಕಡೆ ಇರುವ ಹಳೆ ವಿದ್ಯಾರ್ಥಿಗಳು ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಬ್ಯಾಂಕ್ ಮೂಲಕ ಕಳಿಸ್ಬಹುದು. ವಿದೇಶಿ ಪೌರತ್ವ ತಗೊಂಡವರಿಂದ ನಾವು ತಗೊಳ್ಳುವ ಹಾಗಿಲ್ಲ, ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ತಗೊಳ್ಳುವ ಸರ್ಕಾರದ ಅನುಮತಿ) ಇಲ್ಲ, ಬೇಜಾರ್ ಮಾಡ್ಬೇಡಿ. 80ಜಿ (ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ) ಕೂಡ ಇಲ್ಲ, ಮೊದಲೇ ಹೇಳಿಬಿಡ್ತೇನೆ. ಊರಲ್ಲಿರುವವರು ಶಾಲೆ ಆಫೀಸಲ್ಲೇ ಕೊಡಿ.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳು ಆಚರಣೆ ದಿನ) ಒಳಗೆ ಮಾಡು ಮುಗೀಬೇಕು, ಆಮೇಲೆ ಮಳೆ ಯಾವಾಗ ಹಿಡೀತದೆ ಹೇಳ್ಲಿಕ್ಕಾಗುವುದಿಲ್ಲ. ದುಡ್ಡು ಕೊಡ್ಲಿಕ್ಕೆ ಆಗದವರು ರಜೆ ಶುರುವಾದ ಮೇಲೆ ಬರುವ ಮೊದಲ ಆದಿತ್ಯವಾರ ಮಧ್ಯಾಹ್ನ ಬನ್ನಿ, ಸಾಲು ನಿಂತು ಕೈಯಿಂದ ಕೈಗೆ ಹಂಚು ದಾಟಿಸ್ಲಿಕ್ಕೆ ಮೂವತ್ತು ಜನ ಬೇಕು, ತಲೆಗೆ ಮುಂಡಾಸು ನೀವೇ ತನ್ನಿ. ಗಂಜಿ, ಚಟ್ನಿ ಉಂಟು. ಯಾರ ಮನೆಯದ್ದು ಅಂತ ಹೇಳ್ಬಾರ್ದು ಅಂತ ಆ ಮನೆಯವರಿಂದಲೇ ಆರ್ಡರ್ ಆಗಿದೆ.